ಕಿವಿ ಕೇಳೂದಿಲ್ಲ ಅನ್ನೂದಕ್ಕ ಪುರಾವೆ

ಕಿವುಡುತನದ ಪಿಂಚಣಿ ತಗೊಳ್ಳಾಕತ್ತ ಮ್ಯಾಲೆ ವರ್ಷಕ್ಕೊಬ್ರು ನನ್ನ ಮ್ಯಾಲೆ ಸಂಶಯ ಪಡೂದು ತಪ್ಪಿಲ್ಲ. ಬೆಟಗೇರಿಯೊಳಗ ಇಪ್ಪತ್ತು ವರ್ಷ ಮಗ್ಗದ ಸದ್ದಿನಾಗ ಸೀರಿ ನೇಯ್ದು ಎರಡೂ ಕಿವಿ ಕಳಕೊಂಡಾಕಿ ನಾನು. ಆ ಸದ್ದಿನಾಗ ಯಾರ ಮಾತೂ ಕೇಳ್ತಿರಲಿಲ್ಲ. ತುಟಿ ನೋಡಿ ತಿಳಕೊಳ್ಳೂದು ಆವಾಗಿಂದ ರೂಢಿ. ಕೇಳಿದ್ದಕ್ಕ ಥಟ್ಟನೆ ಉತ್ತರ ಕೊಡ್ತೀನಿ. ಅದ ತೊಂದರಿ.

೧. ಬಾಗಲಾ ತೆಗೀಲಿಲ್ಲ

ಒಂದ ಸಲ ಪಿಂಚಣಿ ನಿಂತ ಹೋತು. ತಪಾಸಣಿಗೆ ಬಂದಾವ ‘ಈ ವಿಳಾಸದಲ್ಲಿ ಯಾರೂ ಇಲ್ಲ’ ಅಂತ ಬರದಿದ್ದ. ಗಂಡ ತೀರಿಕೊಂಡ ಮ್ಯಾಲೆ ನನ್ನ ಒಲಿ ಉರಿಯೂದು ಆ ರೊಕ್ಕದಿಂದನ. ಅಪೀಲು ಹಾಕಿದೆ. ದೊಡ್ಡ ಸಾಹೇಬರು ನನ್ನ ಎದುರಿಗೇ ಅವನ್ನ ಕರಿಸಿದ್ರು.

“ಮನಿಗೆ ಹೋಗಿದ್ದೇನು?”

“ಹೋಗಿದ್ದೆ ಸರ್. ಬಾಗಲಾ ಬಡದೆ, ಹೆಸರು ಹಿಡದು ಕರದೆ. ತೆಗೀಲಿಲ್ಲ.”

“ಆಕಿದು ಯಾತರ ಪಿಂಚಣಿ?”

“ಕಿವುಡುತನದ್ದು ಸರ್. ಅದಕ್ಕ ಜೋರಾಗೇ ಬಡದೆ.”

ಅಪೀಲು ಗೆದ್ದೆ.

೨. ಉತ್ತರ ಕೊಡಲಿಲ್ಲ

ಮುಂದಿನ ವರ್ಷ ನವೀಕರಣಕ್ಕ ಹೋದೆ. ಉಳದವರ ಕಾಗದಕ್ಕ ಗುಮಾಸ್ತ ಸುಮ್ಮನ ಸಿಕ್ಕಾ ಒತ್ತಿದ. ನನ್ನ ಫೈಲಿನಾಗ ಅಪೀಲಿನ ಆದೇಶ ಕಂಡಕೂಡ್ಲೆ ಕೈ ನಿಲ್ಲಿಸಿದ. “ಅಪೀಲು ಗೆದ್ದಾರಂದ್ರ ಇದರಾಗ ಏನೋ ಐತಿ” ಅಂದ. ಆಮ್ಯಾಲೆ ಫೈಲು ಬಾಯಿಗೆ ಅಡ್ಡ ಹಿಡದು ಏನೋ ಕೇಳಿದ. ನಾನು ಸುಮ್ಮನ ನಿಂತೆ. ‘ಉತ್ತರಿಸಲು ನಿರಾಕರಿಸಿದರು’ ಅಂತ ಬರದು, ಒಳಗಿನ ಸಾಹೇಬರ ಕಡೆ ಕಳಿಸಿದ.

ಜೋಡಿ ಬಂದಿದ್ದ ಬಾಜೂ ಮನಿ ಅಕ್ಕನ್ನ ಕೇಳಿದೆ, “ಏನ್ ಕೇಳಿದ ಅಂವ?”

“ನಿಮಗ ಕಿವಿ ಕೇಳತೈತೇನ್ರಿ, ಅಂದ.”

೩. ಒಳಗಿನ ಸಾಹೇಬರು

ನವೀಕರಣ ಆತು ಖರೆ. ಆದ್ರ ಹ್ಯಾಂಗಾತು ಅನ್ನೂದು ಹೇಳ್ತೀನಿ.

ನಿವೃತ್ತಿ ಹತ್ರ ಬಂದಿದ್ದ ಸಾಹೇಬರು ನನ್ನ ಎದುರಿಗೆ ಕೂಡ್ರಿಸಿಕೊಂಡ್ರು. “ಊರು ಯಾವುದು?” “ಬೆಟಗೇರಿ.” “ಆಂ?” ಮತ್ತ ಹೇಳಿದೆ. “ನೀ ಭಾಳ ಜಲ್ದಿ ಉತ್ತರ ಕೊಡ್ತಿ, ನನಗ ಸಂಶಯ ಐತಿ” ಅಂದ್ರು. ಸಿಪಾಯಿಯನ್ನ ಬಾಜೂ ಖೋಲಿಗೆ ಕಳಿಸಿ, ಕಬ್ಬಿಣದ ಕಪಾಟು ಜೋರಾಗಿ ಬಡಿಯಾಕ ಹೇಳಿದ್ರು. ನಾ ಬೆಚ್ಚಿ ಬೀಳ್ತೀನೇನು ಅಂತ ರೆಪ್ಪಿ ಬಡೀದ ನನ್ನ ಮುಖಾನ ನೋಡಕೋತ ಕುಂತ್ರು. ನಾ ಅವರ ಬಾಯಿ ನೋಡಕೋತ ಕುಂತೆ.

ಸಾಹೇಬರ ಬೆನ್ನ ಹಿಂದ, ತೆರೆದ ಬಾಗಲದಾಚೆ, ಬಾಕಿನ ಮ್ಯಾಲಿದ್ದ ಮಂದಿ ಒಮ್ಮೆಲೆ ಬೆಚ್ಚಿ ಎದ್ದು ನಿಂತ್ರು. ಒಂದು ಕೂಸು ಅಳಾಕ ಹತ್ತಿತು. ಗುಮಾಸ್ತನ ಕೈಯಾಗಿನ ಚಾ ಚೆಲ್ಲಿತು.

ಸಾಹೇಬರು ಇನ್ನೂ ಸ್ವಲ್ಪ ಹೊತ್ತು ಕಾದ್ರು. ಆಮ್ಯಾಲೆ ಸಿಟ್ಟಿಗೆದ್ದು ಖೋಲಿ ಕಡೆ ಅರ್ಧ ಹೊಳ್ಳಿ ಕೇಳಿದ್ರು: “ಎಷ್ಟೊತ್ತು ಲೇ? ಇನ್ನೂ ಯಾಕ ಬಡದಿಲ್ಲ?”