ಹಿಂದುಮುಂದಾದ ಹೆಜ್ಜೆ

ಕಲ್ಲೇಶಪ್ಪನಿಗೆ ಶುಕ್ರವಾರ ಬೆಳಿಗ್ಗೆ ಜ್ವರ ಬಂತು, ರಜೆ ಚೀಟಿಯಲ್ಲಿ ಮಾತ್ರ.

ಬುಕ್ಕಾಂಬುಧಿಯಿಂದ ದಿನಾ ಅಜ್ಜಂಪುರದ ಕಂದಾಯ ಕಚೇರಿಗೆ ಹೋಗಿಬರುವ ಗುಮಾಸ್ತ ಅವನು. ಹನ್ನೊಂದು ವರ್ಷದಲ್ಲಿ ಒಂದೂ ಸುಳ್ಳು ರಜೆ ಹಾಕಿದವನಲ್ಲ. ಆದರೆ ತರೀಕೆರೆಯ ಫೋಟೋ ಸ್ಟುಡಿಯೋ ಓಬಳಪ್ಪ ಬಾಡಿಗೆ ಕ್ಯಾಮೆರಾ ತಂದು ‘ಕೆಮ್ಮುವ ದೆವ್ವ’ ಎಂಬ ಸಿನಿಮಾ ತೆಗೆಯುತ್ತಿದ್ದ. ದೆವ್ವದ ಪಾತ್ರವನ್ನು ಗೆಳೆಯ ಕಲ್ಲೇಶಪ್ಪನಿಗೇ ಕೊಟ್ಟಿದ್ದ.

ಇಂಥ ಸಿನಿಮಾ ಎಂದರೆ ಕಲ್ಲೇಶಪ್ಪನಿಗೆ ಪ್ರಾಣ. ಟೆಂಟಿನಲ್ಲಿ ಒಮ್ಮೆ ದೆವ್ವ ಬಾಯಿ ತೆರೆದೊಡನೆ ಕೋರೆಹಲ್ಲು ಉದುರಿ, ದೆವ್ವವೇ ಬಗ್ಗಿ ಹುಡುಕಿ ಸಿಕ್ಕಿಸಿಕೊಂಡು ಮತ್ತೆ ಹೆದರಿಸಿತ್ತು. ಅಂದು ನಕ್ಕಷ್ಟು ಅವನು ತನ್ನ ಮದುವೆಯಲ್ಲೂ ನಕ್ಕಿರಲಿಲ್ಲ. ತಾನೂ ಒಮ್ಮೆ ಪರದೆಯ ಮೇಲೆ ಹಾಗೆ ನಗಿಸಬೇಕು. ಮೇಲಧಿಕಾರಿ ಶೇಕ್‌ದಾರ್ ತೀರ್ಥಪ್ಪನವರಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದರೆ ಕೆಲಸ ಹೋಗುತ್ತದೆ.

ದೆವ್ವದ ಪಾದ ಹಿಂದುಮುಂದು ತಾನೆ? ಓಬಳಪ್ಪ ಮರದಲ್ಲಿ ಎರಡು ಪಾದ ಕೆತ್ತಿಸಿ, ಬೆರಳು ಹಿಂದಕ್ಕೆ ಬರುವಂತೆ ಚಪ್ಪಲಿಗೆ ಜಡಿಸಿದ್ದ. ಅಭ್ಯಾಸವಾಗಲಿ ಎಂದು ಕಲ್ಲೇಶಪ್ಪ ಅವನ್ನು ಮನೆಯಲ್ಲೇ ಕಟ್ಟಿಕೊಂಡು, ಆಗತಾನೆ ಹುಟ್ಟಿದ ಕರುವಿನಂತೆ ತೂರಾಡುತ್ತ, ಕೆಸರು ದಾರಿಯಲ್ಲಿ ಕೆರೆಯ ಏರಿಯನ್ನು ತಲುಪಿದ. ಓಬಳಪ್ಪ ಮುಖಕ್ಕೆ ರಕ್ತ ಬಳಿದ. ಬೆಲ್ಲದ ಪಾಕಕ್ಕೆ ಕುಂಕುಮ ಕಲಸಿದ ರಕ್ತ.

ಕಲ್ಲೇಶಪ್ಪ ಇನ್ನೂ ಒಂದು ಕೆಮ್ಮು ಕೆಮ್ಮಿದ್ದನೋ ಇಲ್ಲವೋ, ಏರಿಯ ಆ ತುದಿಯಲ್ಲಿ ತೂಬು ನೋಡಲು ಬಂದ ತೀರ್ಥಪ್ಪನವರ ಛತ್ರಿ ಕಾಣಿಸಿತು. ಪಾದಗಳನ್ನು ಬಿಚ್ಚಿ ಓಬಳಪ್ಪನ ಕೈಗೆ ತುರುಕಿ, ಹೊಲಗಳ ನಡುವೆ ಬರಿಗಾಲಲ್ಲಿ ಓಡಿ, ಹಿತ್ತಿಲ ಬಾಗಿಲಿಂದ ನುಗ್ಗಿ ಕಂಬಳಿ ಹೊದ್ದು ಮಲಗಿದ. ಮುಖ ತೊಳೆಯಲು ಪುರಸೊತ್ತಾಗಲಿಲ್ಲ.

ಅತ್ತ ತೀರ್ಥಪ್ಪನವರ ಕಣ್ಣಿಗೆ ಕೆಸರಿನಲ್ಲಿ ವಿಚಿತ್ರವಾದ ದೊಡ್ಡ ಹೆಜ್ಜೆಗಳು ಬಿದ್ದವು. ಯಾರದ್ದೆಂದು ಕೇಳಿದರೆ ಓಬಳಪ್ಪ, ಗೆಳೆಯನನ್ನು ಉಳಿಸಲು, ದೆವ್ವದ್ದು ಎಂದುಬಿಟ್ಟ. ಗಡಿಕಲ್ಲು ಹುಡುಕಿ ಪಳಗಿದ ತೀರ್ಥಪ್ಪನವರು ಹೆಜ್ಜೆಯ ಬೆರಳು ತೋರಿದ ದಿಕ್ಕಿಗೇ ಹೊರಟರು. ಅರ್ಧ ಊರು ಹಿಂದೆ ಬಂತು. ಬೆರಳು ತೋರಿದ್ದು ಕಲ್ಲೇಶಪ್ಪನ ಮನೆಯನ್ನು.

ಪಕ್ಕದ ಮನೆಯ ಪ್ರೇಮಮ್ಮ ಕಂಬಳಿ ಎಳೆದಳು. ಕೆಂಪು ಮುಖ. ಬೆಲ್ಲಕ್ಕೆ ಮುತ್ತಿದ ಇರುವೆ ಕಚ್ಚಿ ಕಚ್ಚಿ ಕಲ್ಲೇಶಪ್ಪ ಕಾದ ಬಾಣಲೆಯ ಸಾಸಿವೆಯಂತೆ ಸಿಡಿಯುತ್ತಿದ್ದ.

“ಹೆಜ್ಜೆ ಒಳೀಕ್ ಬಂದೈತೆ, ಆಚೀಕ್ ಹೋಗಿಲ್ಲ,” ಎಂದಳು ಪ್ರೇಮಮ್ಮ. “ಇವ್ನೊಳಗೇ ಸೇರ್ಕೊಂಡೈತೆ ಕಣ್ರೀ.”

ಬೇವಿನ ಸೊಪ್ಪಿಗೆ ಹೆಂಡತಿ ಪಂಕಜಾಕ್ಷಿಯನ್ನು ಕಳಿಸಿದರು. ಗಂಡನ ಗುಟ್ಟು ಗೊತ್ತಿದ್ದ ಆಕೆ, ಇಂಥ ಅವಕಾಶ ಮತ್ತೆ ಸಿಗಲಾರದೆಂದು ಒಳ್ಳೆಯ ಕೊಂಬೆಯನ್ನೇ ಆರಿಸಿ ತಂದಳು. ಪ್ರೇಮಮ್ಮ ಬಾರಿಸುತ್ತ ಯಾರು ನೀನು ಎಂದು ಕೇಳಿದಳು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಬೆನ್ನು. ಅವನು ಹಲ್ಲುಕಚ್ಚಿದ. ಕಡೆಗೆ ಮೆಣಸಿನಕಾಯಿ ಹೊಗೆ ಹಾಕಿದರು. ಆಗ ಬಂತು ನೋಡಿ, ಹೊಟ್ಟೆಯ ಆಳದಿಂದ, ಮಾಡಿನ ಹೆಂಚು ಅದುರುವಂಥ ಕೆಮ್ಮು.

ಬಾಗಿಲಲ್ಲಿದ್ದ ಓಬಳಪ್ಪ ಮೈಮರೆತ. “ಇದೇ ಕಣೋ ಕಲ್ಲೇಶ ಕೆಮ್ಮು. ಕ್ಯಾಮೆರಾ ಮುಂದೆ ಹಿಂಗ್ ಕೆಮ್ಮೋಕೇನಾಗಿತ್ತೋ ನಿಂಗೆ?”

ಅವನು ಕಂಕುಳಲ್ಲಿ ಬಚ್ಚಿಟ್ಟುಕೊಂಡಿದ್ದ ಮರದ ಪಾದಗಳು ದೊಪ್ಪನೆ ಕೆಳಗೆ ಬಿದ್ದವು. ಎಲ್ಲವೂ ಬಯಲಾಯಿತು.

ತೀರ್ಥಪ್ಪನವರು ಜಗಲಿಯ ಮೇಲೆ ಕೂತು ಆ ಪಾದಗಳನ್ನು ತಿರುಗಿಸಿ ನೋಡಿದರು. ಕಟ್ಟಿಕೊಂಡು ನಾಲ್ಕು ಹೆಜ್ಜೆ ತೂರಾಡಿದರು. ಜನ ಬಿದ್ದು ಬಿದ್ದು ನಕ್ಕರು. ಕಚೇರಿಯಲ್ಲಿ ಎಂದೂ ನಗದ ಆ ಮುಖ ಬಿಸಿ ಹಂಚಿನ ಮೇಲಿನ ದೋಸೆಯಂತೆ ಅಗಲವಾಯಿತು.

“ಕಲ್ಲೇಶಪ್ಪ, ಇದನ್ನ ನಾನು ಮೇಲ್ಗಡೆ ತಿಳಿಸಲ್ಲ. ಆದ್ರೆ ನಾಳೆ ಕಚೇರಿಗೆ ಬಾ.”

ಕೆಲಸ ಉಳಿಯಿತೆಂದು ಕಲ್ಲೇಶಪ್ಪ ಕೈಮುಗಿದ.

“ಹಂಗೇ ನಿನ್ನ ಚೆಂದದ ಅಕ್ಷರದಲ್ಲಿ ಇನ್ನೊಂದು ರಜೆ ಚೀಟಿ ಬರಿ. ನಾಳೆಯಿಂದ ನಂಗೆ ಜ್ವರ,” ಎಂದ ತೀರ್ಥಪ್ಪನವರು, ಓಬಳಪ್ಪನ ಕಡೆ ತಿರುಗಿ ಒಮ್ಮೆ ಕೆಮ್ಮಿ ತೋರಿಸಿದರು.