ಅನಸೂಯಮ್ಮನ ಮಂಡಿ ನೋವು

ಶಾಂತಿಗ್ರಾಮದಲ್ಲಿ ಏನಾದರೂ ನಡೆಯಿತು ಅಂತ ನಿಸರ್ಗ ಹುಟ್ಟಿದಾಗಿನಿಂದ ಕೇಳಿಲ್ಲ. ಬಸ್ಸು ಬರುತ್ತದೆ, ಬಸ್ಸು ಹೋಗುತ್ತದೆ, ಅಜ್ಜಿ ಅನಸೂಯಮ್ಮನ ಮಂಡಿ ನೋಯುತ್ತದೆ. ಆ ಮಂಡಿಯ ದೆಸೆಯಿಂದ ಕೋಳಿ ಕೂಗುವ ಹೊತ್ತಿಗೆ ಹಾಲಿನ ಕ್ಯಾನು ಹೊತ್ತು ಡೈರಿಗೆ ಓಡುವ ಕೆಲಸ ಪಿಯುಸಿ ಓದುವ ಮೊಮ್ಮಗಳ ಪಾಲಿಗೆ ಬಂದಿತ್ತು. ಸಂಜೆ ಮಂಡಿಗೆ ಎಣ್ಣೆ ತಿಕ್ಕುವವಳೂ ಅವಳೇ.

ಅವತ್ತು ಡೈರಿಯಲ್ಲಿ ಸಾಲು ಕರಗಲಿಲ್ಲ. ಬಸ್ಸು ತಪ್ಪಿತು. ಹಾಸನ ತಲುಪುವಷ್ಟರಲ್ಲಿ ಕೆಮಿಸ್ಟ್ರಿ ಟೆಸ್ಟು ಮುಗಿದಿತ್ತು. ಇನ್ನೊಂದು ಸಲ ಕಾಲೇಜು ತಪ್ಪಿಸಿದರೆ ಮೊಬೈಲು ಬೀರು ಸೇರುತ್ತದೆ ಅಂತ ಅಪ್ಪ ದಿಲೀಪ ಮೊದಲೇ ಹೇಳಿದ್ದ. ಮನೆಗೆ ಹೋಗುವಂತಿಲ್ಲ. ಗುರುತಿನವರು ಯಾರೂ ಬರದ ಜಾಗ ಅಂತ ನಿಸರ್ಗ ಮೊಸಳೆ ಅನ್ನುವ ಊರಿನ ಬಸ್ಸು ಹತ್ತಿದಳು.

ಅಲ್ಲಿನ ಜೋಡಿ ಗುಡಿಯ ಹಿಂದೆ ಬ್ಯಾಗು ಇಟ್ಟು ಕೂತದ್ದೇ ತಡ, ನಾಯಿಯೊಂದು ಬೋಂಡದ ಪೊಟ್ಟಣ ಕಚ್ಚಿಕೊಂಡು ಓಡಿಬಂತು. ಅದರ ಹಿಂದೆ ಸೆರಗು ಸಿಕ್ಕಿಸಿ, ಕೈಯಲ್ಲಿ ಚಪ್ಪಲಿ ಹಿಡಿದು, ಎಳೆಗರುವಿನಂತೆ ನೆಗೆಯುತ್ತಾ ಅನಸೂಯಮ್ಮ. ಹಾಸನದ ಡಾಕ್ಟರ ಹತ್ತಿರ ಮಂಡಿಗೆ ಶಾಖ ಕೊಡಿಸಿಕೊಳ್ಳಲು ವಾರ ವಾರ ಆಟೋದಲ್ಲಿ ನರಳುತ್ತಾ ಹೋಗುವ ಅದೇ ಅಜ್ಜಿ.

ಆಚೆ ಮರದಡಿ ಅಜ್ಜಿಯ ಹಳೆಯ ಗೆಳತಿಯರು ಚೌಕಾಬಾರ ಬರೆದುಕೊಂಡು ಕೂತಿದ್ದರು. ಪಕ್ಕದ ಮನೆಯ ಆಟೋ ರುದ್ರೇಶ ಕವಡೆ ಕುಲುಕುತ್ತಿದ್ದ.

"ಸಿಕ್ಕಾಕೊಂಡ್ರಲ್ಲ ಅನಸೂಯತ್ತೆ," ಅಂದ ರುದ್ರೇಶ. "ಮಗಿನೂ ಸಿಕ್ಕಾಕೊಂಡೈತೆ ಬುಡಿ. ಇವತ್ತು ಕಾಲೇಜಿಗೇನು ರಜಾ ಇಲ್ಲ."

ಅಜ್ಜಿ ಚಪ್ಪಲಿ ಕೆಳಗೆ ಹಾಕಿದಳು. "ಒಲೆ, ಕೊಟ್ಟಿಗೆ ಬುಟ್ರೆ ಇನ್ನೇನ್ ಕಂಡಿವ್ನಿ ನಾನು? ಒಸ್ತಿಲು ದಾಟಕ್ಕೆ ಒಂದು ನೆಪ ಬೇಕಿತ್ತು ಕಣವ್ವ. ಮಂಡಿ ನೋವು ಅಂದ್ರೆ ಯಾರೂ ಬ್ಯಾಡ ಅನ್ನಲ್ಲ."

ನಿಸರ್ಗಳಿಗೆ ಸಿಟ್ಟು ಬರಬೇಕಿತ್ತು. ಆ ಮಂಡಿಗೆ ಎಷ್ಟು ಎಣ್ಣೆ ತಿಕ್ಕಿದ್ದಳೋ. ಆದರೆ ಅಜ್ಜಿ ಇಷ್ಟು ನಗುವುದನ್ನು ಮನೆಯಲ್ಲಿ ಅವಳು ನೋಡಿಯೇ ಇರಲಿಲ್ಲ. ನೀನು ನನ್ನ ನೋಡಿಲ್ಲ, ನಾನು ನಿನ್ನ ನೋಡಿಲ್ಲ ಅಂತ ಒಪ್ಪಂದವಾಯಿತು.

"ನಾಳಿಂದ ಡೈರಿಗೆ ನಾನೇ ಓಯ್ತೀನಿ. ನೀನು ನೆಮ್ಮದಿಯಾಗಿ ಮಲ್ಕೊ," ಅಂದಳು ಅಜ್ಜಿ. ನಿಸರ್ಗಳ ಕಣ್ಣು ತುಂಬಿ ಬಂತು.

ಸಂಜೆ ಅಜ್ಜಿ ಕೋಲಿಲ್ಲದೆ ಹಜಾರಕ್ಕೆ ನಡೆದು ಬಂದಳು. "ಗುಣ ಆಯ್ತು ಕಣ್ಲಾ ದಿಲೀಪ. ನಾಳಿಂದ ಆಲು ನಾನೇ ಆಕ್ತೀನಿ."

ದಿಲೀಪ ದಡಬಡ ಎದ್ದು ನಿಂತ. "ಆ ಡಾಕ್ಟ್ರು ದೇವ್ರು ಕಣವ್ವ. ನಮ್ಮ ಕೆಂದಸ ಕರ ಈದೈತೆ, ಮೊದಲ ಗಿಣ್ಣು ಅವ್ರಿಗೇ. ನಾಳೆ ನಾನೇ ಜೊತೇಲಿ ಬತ್ತೀನಿ, ಕೈ ಮುಗ್ದು ಕೊಟ್ಟು ಬರಾನ."

ಅಜ್ಜಿ ಮೊಮ್ಮಗಳ ಮುಖ ನೋಡಿದಳು. ಮೊಮ್ಮಗಳು ಗೋಡೆ ನೋಡಿದಳು.

"ಅಯ್ಯಯ್ಯಪ್ಪ," ಅಂತ ಅನಸೂಯಮ್ಮ ಕಂಬ ಹಿಡಿದು ಕುಸಿದಳು. "ಮತ್ತೆ ಇಡ್ಕಂತು ಕಣ್ಲಾ. ಈ ಸಲ ಎರಡೂ ಮಂಡಿ."

ದಿಲೀಪ ಸಪ್ಪಗಾದ. "ಗುಣ ಆಗ್ದೇ ಇದ್ಮೇಲೆ ಗಿಣ್ಣು ಯಾಕೆ, ಬುಡು. ನಿಸರ್ಗ, ಎಣ್ಣೆ ಬಿಸಿ ಮಾಡವ್ವ. ಇನ್ಮೇಲೆ ಕೆಂದಸಿನ ಆಲೂ ಸೇರ್ತದೆ, ಎರಡು ಕ್ಯಾನು. ಒಸಿ ಬೇಗ ಏಳು."

ನಿಸರ್ಗ ಎಣ್ಣೆ ತಂದು ಕೂತಳು. ನೋಯದ ಮಂಡಿ ತಿಕ್ಕುವುದು ಇನ್ನೂ ಕಷ್ಟ. ಅಜ್ಜಿ ಅವಳ ತಲೆ ಸವರಿದಳು.

"ನಿನ್ನಂತ ಮೊಮ್ಮಗಳು ಸಿಕ್ಕಿದ್ದು ನನ್ನ ಪುಣ್ಯ ಕಣವ್ವ."

ಇದೊಂದು ಮಾತು ಮಾತ್ರ ನಾಟಕವಲ್ಲ ಅಂತ ನಿಸರ್ಗಳಿಗೆ ಗೊತ್ತಾಯಿತು. ಅಷ್ಟರಲ್ಲಿ ಅಜ್ಜಿ ಇನ್ನೊಂದು ಕಾಲನ್ನೂ ಚಾಚಿದಳು.