ಎರವಲು ಹಲ್ಲಿನ ಬೀಗರೂಟ

ನಾನು ಹುಟ್ಟಿ ಬೆಳೆದ ಹೆಗ್ಗದ್ದೆಯೂ ಒಂದು ಫಾರಿನ್ನು ಅನ್ನುವುದು ನನ್ನ ಮಂಡೆಗೆ ಹೊಳೆದದ್ದು ಜರ್ಮನಿ ಸಾಹೇಬರ ಹಲ್ಲು ಮುರಿದ ದಿನ. ನಮಗೆ ಜರ್ಮನಿ ಹೇಗೋ ಅವರಿಗೆ ಹೆಗ್ಗದ್ದೆ ಹಾಗೆ. ಪರದೇಶದಲ್ಲಿ ಕಾಲು ಮುರಿದುಕೊಂಡರೆ ನಾಲ್ಕು ಜನ ಹೊತ್ತುಕೊಂಡಾದರೂ ಹೋಗುತ್ತಾರೆ. ಹಲ್ಲುಸೆಟ್ಟು ಮುರಿದುಕೊಂಡವನ ಕಷ್ಟ ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ.

ಸಾಹೇಬರ ಹೆಸರು ಕ್ಲೌಸ್. ಕಪ್ಪೆಗಳ ಮೇಲೆ ಪುಸ್ತಕ ಬರೆಯಲು ನಮ್ಮ ಹೋಂಸ್ಟೇ ಕೋಣೆಗೆ ಬಂದವರು, ಕಪ್ಪೆಗಳೆಲ್ಲ ವಟಗುಟ್ಟುವುದು ನಿಲ್ಲಿಸಿದ ಮೇಲೂ ಇಲ್ಲೇ ಉಳಿದುಬಿಟ್ಟರು. ಕನ್ನಡವನ್ನು ಪುಸ್ತಕ ಇಟ್ಟುಕೊಂಡು ಕಲಿತದ್ದರಿಂದ ನಮ್ಮ ನಾಯಿಯನ್ನೂ "ತಾವು ದಯವಿಟ್ಟು ಪಕ್ಕಕ್ಕೆ ಸರಿಯಿರಿ" ಎಂದೇ ಮಾತಾಡಿಸುತ್ತಾರೆ. ನನ್ನ ಹೆಂಡತಿ ಪುಷ್ಪಾಗೆ ಅವರೆಂದರೆ ಪ್ರಾಣ. ಅವಳು ಏನು ಮಾಡಿಕೊಟ್ಟರೂ ತಿಂದು "ಅಮೋಘ" ಅನ್ನುತ್ತಾರೆ. (ಮದುವೆಯಾದಂದಿನಿಂದ ನನ್ನ ಬಾಯಲ್ಲಿ ಬಂದಿರುವುದು "ಉಪ್ಪು ಸ್ವಲ್ಪ ಮುಂದಾಯ್ತು" ಎಂಬುದೊಂದೇ ಎಂದು ಅವಳ ಆರೋಪ.)

ಆ ಅಮೋಘ ಪದಾರ್ಥಗಳಲ್ಲಿ ಅಗ್ರಗಣ್ಯವಾದದ್ದು ಅವಳ ಕೋಡುಬಳೆ. ಮನೆಯವರಾದ ನಾವು ಅದನ್ನು ಕಾಫಿಯಲ್ಲಿ ಚೆನ್ನಾಗಿ ನೆನೆಸಿಯೇ ಬಾಯಿಗಿಡುವುದು. ಸಾಹೇಬರಿಗೆ ಈ ಗುಟ್ಟನ್ನು ಯಾರೂ ಹೇಳಿರಲಿಲ್ಲ. ಗುರುವಾರ ಸಂಜೆ ಜಗಲಿಯಲ್ಲಿ ಕೂತು ಕಚ್ಚಿದರು ನೋಡಿ, ಟಕ್ ಅಂತು. ಅಂತೂ ಒಂದು ಕೋಡುಬಳೆ ಮುರಿಯಿತಲ್ಲ ಎಂದು ನಾನು ಆಶ್ಚರ್ಯಪಡುತ್ತಿರುವಾಗಲೇ ಸಾಹೇಬರು ತಮ್ಮ ಮೇಲಿನ ಸಾಲಿನ ಸೆಟ್ಟನ್ನು ಎರಡು ಹೋಳಾಗಿ ಅಂಗೈಯಲ್ಲಿ ಹಿಡಿದುಕೊಂಡಿದ್ದರು. ಕೋಡುಬಳೆ ಇಡಿಯಾಗಿತ್ತು.

"ಅಯ್ಯೋ ಸಾಯೇಬ್ರೇ! ಹಿಟ್ಟು ಹದವಾಗೇ ಕಲ್ಸಿದ್ನಲ್ಲಾ!" ಎಂದು ಪುಷ್ಪಾ ಕಣ್ಣೀರು ಹಾಕಿದಳು.

ಬೇರೆ ದಿನವಾಗಿದ್ದರೆ ಇಷ್ಟು ಗಾಬರಿ ಇರಲಿಲ್ಲ. ಭಾನುವಾರ ಬಾಳ್ಳುಪೇಟೆಯಲ್ಲಿ ನಮಗೆ ಬೀಗರೂಟ. ನಮ್ಮ ಮಗಳು ಮಾನಸಳನ್ನು ಅಲ್ಲಿಯ ಸುರೇಂದ್ರನವರ ಮಗ ವಸಂತನಿಗೆ ಕೊಟ್ಟು ಆಗಷ್ಟೇ ಮದುವೆ ಮುಗಿದಿತ್ತು. ಜರ್ಮನಿ ಸಾಹೇಬರು ನಮ್ಮನೆ ಮಟನ್ ಊಟಕ್ಕೆ ಬರ್ತಾರೆ ಎಂದು ಬೀಗರು ಬಾಳ್ಳುಪೇಟೆಗೆಲ್ಲ ಹೇಳಿಕೊಂಡು ತಿರುಗಿದ್ದರು. ಸಾಹೇಬರಿಲ್ಲದೆ ನಾವು ಹೋದರೆ ಬೀಗರ ಮಾನ ಹೋಗುತ್ತದೆ, ಅವರ ಮಾನ ಹೋದರೆ ಹೊಸ ಸೊಸೆಯಾದ ನಮ್ಮ ಮಗಳಿಗೆ ಚುಚ್ಚುಮಾತು ತಪ್ಪಿದ್ದಲ್ಲ.

ಸಾಹೇಬರು ತಮ್ಮ ಊರಿನ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದರು. ಆ ಪುಣ್ಯಾತ್ಮರು ಎರಡು ತಿಂಗಳ ಮೇಲೆ ಬನ್ನಿ ಅಂದರಂತೆ. "ದಂತರಹಿತನಾಗಿ ನಾನು ಸಾರ್ವಜನಿಕರಿಗೆ ದರ್ಶನ ನೀಡಲಾರೆ" ಎಂದು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಘೋಷಿಸಿ ಕೋಣೆಯ ಬಾಗಿಲು ಹಾಕಿಕೊಂಡರು.

ಆಗ ನನಗೊಂದು ದಿವ್ಯ ಆಲೋಚನೆ ಬಂತು. ನಮ್ಮ ಕಡೆಯ ತೋಟದವರು ಮುರಿದ ಯಾವ ವಸ್ತುವನ್ನೂ ನೇರವಾಗಿ ರಿಪೇರಿ ಅಂಗಡಿಗೆ ಒಯ್ಯುವ ಅವಿವೇಕಿಗಳಲ್ಲ. ಮೊದಲು ಗಮ್ಮು, ಆಮೇಲೆ ತಂತಿ, ಎರಡೂ ಸೋತರೆ ಅಂಗಡಿ. ನನ್ನ ಸ್ಪ್ರೇ ಪಂಪು, ನೀರಿನ ಪೈಪು, ಪುಷ್ಪಾಳ ಚಪ್ಪಲಿ ಎಲ್ಲವೂ ಬದುಕಿರುವುದು ಗಮ್ಮಿನ ಬಲದ ಮೇಲೆ. ಸಾಹೇಬರ ಬಾಗಿಲು ತಟ್ಟಿ ಸೆಟ್ಟು ಇಸಿದುಕೊಂಡೆ. ಪೈಪಿಗೆ ಹಚ್ಚುವ ಗಮ್ಮನ್ನು ಕಲಸಿ ಎರಡು ಹೋಳುಗಳನ್ನು ಜೋಡಿಸಿದೆ. ಅದುಮಿ ಇಟ್ಟರೆ ಚೆನ್ನಾಗಿ ಕೂರುತ್ತದಲ್ಲ ಎಂದು ಸ್ಟೋರಿಗೆ ಒಯ್ದು ಕಾಫಿ ಚೀಲದ ಅಡಿಗೆ ಇಟ್ಟು ನೆಮ್ಮದಿಯಾಗಿ ಮಲಗಿದೆ.

ಬೆಳಗ್ಗೆ ಚೀಲ ಎತ್ತಿದೆ. ಚೀಲದ ಜೊತೆ ಹಲ್ಲೂ ಎದ್ದು ಬಂತು. ಎಳೆದೆ, ಬರಲಿಲ್ಲ. ಕೊನೆಗೆ ಚೀಲವನ್ನೇ ಕತ್ತರಿಸಿ ಬಿಡಿಸಿಕೊಂಡೆ. ಸಾಲು ಸೊಟ್ಟಗಾಗಿತ್ತು, ಸಾಲದ್ದಕ್ಕೆ ಉದ್ದಕ್ಕೂ ಸೆಣಬಿನ ಎಳೆಗಳು ಅಂಟಿಕೊಂಡು ಹಲ್ಲಿಗೆ ಗಡ್ಡ ಬಂದಿತ್ತು.

"ಏನ್ರೀ ಇದು?" ಎಂದಳು ಪುಷ್ಪಾ.

"ಸ್ವಲ್ಪ ಕೆರೆದ್ರೆ ಸರಿಯಾಯ್ತದೆ ಕಣೇ."

"ನಿಮ್ ತಲೆ ಕೆರ್ಕೊಳಿ! ಮುರ್ದಿದ್ ಹಲ್ಲನ್ನ ಚೀಲ ಮಾಡ್ಬುಟ್ರಲ್ರೀ!"

ಸಕಲೇಶಪುರಕ್ಕೆ ಓಡಿದೆ. ಹಲ್ಲಿನ ಡಾಕ್ಟರು ಹೇಮಶ್ರೀ ಆ ಸೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಮೂಗಿನ ಹತ್ತಿರ ತಂದರು.

"ಕಾಫಿ ವಾಸನೆ ಬರ್ತಾ ಐತಲ್ರೀ?"

"ಅವರು ಕಾಫಿ ಜಾಸ್ತಿ ಕುಡೀತಾರೆ ಮೇಡಂ."

"ಚೀಲಾನೂ ತಿಂತಾರಾ?" ಎಂದರು. ಈ ಗಮ್ಮನ್ನೆಲ್ಲ ತೆಗೆದು ಹಾಸನದ ಲ್ಯಾಬಿಗೆ ಕಳಿಸಬೇಕು, ಮುರಿದದ್ದನ್ನು ಹಾಗೇ ತಂದಿದ್ದರೆ ನಾಳೆಯೇ ಆಗುತ್ತಿತ್ತು, ಈಗ ಮಂಗಳವಾರ ಎಂದರು. ನಾನು ಮನೆಗೆ ಬಂದು ಮಂಗಳವಾರ ಎಂಬುದನ್ನು ಮಾತ್ರ ಹೇಳಿದೆ.

ಪುಷ್ಪಾ ನನ್ನ ಮುಖವನ್ನೇ ನೋಡುತ್ತಾ ಕೂತಳು. ಆ ದೃಷ್ಟಿ ನನ್ನ ಬಾಯಿಯ ಮೇಲೆ ಬಂದು ನಿಂತಾಗ ನಾನು ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡೆ. (ಓದುಗರಿಗೆ ಒಂದು ಗುಟ್ಟು ಹೇಳಬೇಕು: ನನ್ನ ಮೇಲಿನ ಸಾಲೂ ಕಟ್ಟಿಸಿದ್ದೇ. ಹೆಣ್ಣು ನೋಡಲು ಬಂದ ದಿನ ಇವಳು "ನಮ್ಮನೆಯವ್ರಿಗೆ ಇನ್ನೂ ಒಂದು ಹಲ್ಲೂ ಅಲ್ಲಾಡಿಲ್ಲ" ಎಂದು ಬೀಗರ ಮುಂದೆ ಕೊಚ್ಚಿಕೊಂಡಿದ್ದಳು. ಅಂದಿನಿಂದ ಅದು ರಾಜರಹಸ್ಯ.)

"ತೆಗೀರಿ," ಎಂದಳು.

"ಏನ್ನ?"

"ಹಲ್ಲ. ಸಾಯೇಬ್ರಿಗೆ ಭಾನ್ವಾರಕ್ಕೆ ಕೊಡಾಣ."

"ಹುಚ್ಚು ಹಿಡೀತೇನೆ ನಿಂಗೆ! ಏಣಿ ಕೊಟ್ಟಂಗೆ, ಪಂಪು ಕೊಟ್ಟಂಗೆ ಹಲ್ಲು ಕೊಡಾಕಾಯ್ತದಾ?"

"ಕೆಡಿಸ್ದೋರು ಯಾರು? ಹೇಳಿ, ಕೆಡಿಸ್ದೋರು ಯಾರು?"

ಉಪ್ಪು ಹಾಕಿದ ಬಿಸಿನೀರಲ್ಲಿ ನನ್ನ ಹಲ್ಲನ್ನು ತೊಳೆದು, ತಾಂಬೂಲ ಕೊಡುವ ತಟ್ಟೆಯಲ್ಲಿಟ್ಟು ಸಾಹೇಬರ ಮುಂದೆ ಹಿಡಿದಳು. ಮರ್ಯಾದಸ್ಥರು ಬೇಡ ಅಂದೇ ಅನ್ನುತ್ತಾರೆ ಎಂದು ನಾನು ನಂಬಿದ್ದೆ. ಅವರು ಕಪ್ಪೆಯನ್ನು ನೋಡುವ ಹಾಗೆ ಬಗ್ಗಿ ನೋಡಿ, "ವಿಜ್ಞಾನದ ದೃಷ್ಟಿಯಿಂದ ಇದು ಕುತೂಹಲಕಾರಿ" ಎಂದು ಹಾಕಿಕೊಂಡೇ ಬಿಟ್ಟರು. ಹೇಳಲು ಹೊಟ್ಟೆಯುರಿಯುತ್ತದೆ, ನನಗೆ ಎಂದೂ ಸರಿಯಾಗಿ ಕೂರದೆ ಒತ್ತುತ್ತಿದ್ದ ಸೆಟ್ಟು ಅವರಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

"ಎಷ್ಟ್ ಚೆಂದ ಕಾಣ್ತಾವೆ! ನಿಮ್ ಬಾಯಲ್ಲಿದ್ದಾಗ ಹಿಂಗಿರ್ಲೇ ಇಲ್ಲ ಕಣ್ರೀ," ಎಂದಳು ನನ್ನ ಧರ್ಮಪತ್ನಿ.

ಭಾನುವಾರ ಬಾಳ್ಳುಪೇಟೆಗೆ ಹೊರಟೆವು. ನನ್ನ ಬಳಿಯೂ ಒಂದು ಯೋಜನೆ ಇತ್ತು. ನೆಗಡಿ ಎಂದು ಟವೆಲ್ ಬಾಯಿಗೆ ಅಡ್ಡ ಹಿಡಿಯುವುದು, ಊಟಕ್ಕೆ ಕೂತಾಗ ಮುದ್ದೆ ಮುರಿದು ಮಟನ್ ಸಾರಲ್ಲಿ ಅದ್ದಿ ನುಂಗುವುದು. ಮುದ್ದೆಗೆ ಹಲ್ಲು ಬೇಕಿಲ್ಲ. ಇಂಥ ಆಪತ್ಕಾಲಕ್ಕೆಂದೇ ನಮ್ಮ ಹಿರಿಯರು ಮುದ್ದೆ ಕಂಡುಹಿಡಿದಿರಬೇಕು.

ಶಾಮಿಯಾನದ ಬಾಗಿಲಲ್ಲೇ ಬೀಗರು ಸಾಹೇಬರನ್ನು ತಬ್ಬಿಕೊಂಡರು. ಸಾಹೇಬರು ನನ್ನ ಹಲ್ಲು ಬಿಟ್ಟು ನಕ್ಕರು.

"ಈ ವಯಸ್ಸಲ್ಲೂ ಎಂಥಾ ಹಲ್ಲು ನೋಡ್ರಪ್ಪಾ! ಫಾರಿನ್ನು ಅಂದ್ರೆ ಫಾರಿನ್ನೇ!" ಎಂದು ಬೀಗರು ಎಲ್ಲರಿಗೂ ತೋರಿಸಿದರು. ನಾನು ಟವೆಲಿನ ಒಳಗೇ ಹೆಮ್ಮೆಪಟ್ಟುಕೊಂಡೆ.

ಎಲೆ ಹಾಕಿದರು. ಮುದ್ದೆ ಬಂತು. ಸಾರಿನ ಪರಿಮಳ ಮೂಗಿಗೆ ಬಡಿದು ಪ್ರಾಣ ಹೋಗಿ ಬಂತು. ಇನ್ನೇನು ಕೈ ಹಾಕಬೇಕು, ಬೀಗರು ಸ್ವತಃ ಬಕೆಟ್ ಹಿಡಿದು ಬಂದು ಒಂದು ದಪ್ಪ ನಲ್ಲಿಮೂಳೆಯನ್ನು ನನ್ನ ಎಲೆಗೆ ಹಾಕಿ, ಸೊಂಟಕ್ಕೆ ಕೈಕೊಟ್ಟು ಎದುರಿಗೇ ನಿಂತರು.

"ಕಡೀರಿ ಬೀಗ್ರೇ! ಒಂದು ಹಲ್ಲೂ ಅಲ್ಲಾಡಿಲ್ಲ ಅಂತ ನಿಮ್ಮನೆಯವ್ರು ಹೇಳಿದ್ರಲ್ಲ, ನಾನೂ ನೋಡ್ತೀನಿ!"

ಪಂಕ್ತಿಯೆಲ್ಲ ನನ್ನ ಕಡೆ ತಿರುಗಿತು. ಬಾಯಿ ತೆರೆದರೆ ಮಾನ ಹೋಗುತ್ತದೆ, ತೆರೆಯದಿದ್ದರೆ ಬೀಗರಿಗೆ ಅವಮಾನವಾಗುತ್ತದೆ. ದೂರದಲ್ಲಿ ಮಾನಸಳ ಮುಖ ಸಣ್ಣಗಾದದ್ದು ಕಂಡು ನನಗೆ ನಿಜವಾಗಿಯೂ ಸಂಕಟವಾಯಿತು. ಸಹಾಯಕ್ಕಾಗಿ ಪುಷ್ಪಾಳ ಕಡೆ ನೋಡಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಬಲವಂತ ಮಾಡ್ಬ್ಯಾಡಿ ಅಣ್ಣಾ. ಮಗಳ ಮದ್ವೆ ಸುಸೂತ್ರವಾಗಿ ಆಗ್ಲಿ ಅಂತ ಇವ್ರು ಮನೆದೇವ್ರಿಗೆ ಹರಕೆ ಹೊತ್ತವ್ರೆ. ಮೊಮ್ಮಗು ಹುಟ್ಟಿ ಮುಖ ನೋಡೋಗಂಟ ಮಾಂಸ ಮುಟ್ಟಾಕಿಲ್ಲ!"

ಮೊಮ್ಮಗು ಹುಟ್ಟೋಗಂಟ! ನಾನು ಬೇಡ ಬೇಡ ಎಂದು ಕೈಯಾಡಿಸಿದೆ. ಅದನ್ನು ಎಲ್ಲರೂ ವಿನಯ ಎಂದು ತಿಳಿದರು. ಬೀಗರ ಕಣ್ಣಲ್ಲಿ ನೀರು ಬಂತು. "ಇಂಥ ಬೀಗ್ರು ಯಾರಿಗ್ ಸಿಗ್ತಾರೆ!" ಎಂದು ನಲ್ಲಿಮೂಳೆಯನ್ನು ಸಾಹೇಬರ ಎಲೆಗೆ ದಾಟಿಸಿ, ನನ್ನ ಎಲೆಯನ್ನೇ ತೆಗೆಸಿ, ಹೊಸ ಎಲೆಗೆ ಅನ್ನ ಮಜ್ಜಿಗೆ ಬಡಿಸಿದರು. ಪಕ್ಕದಲ್ಲಿ ಸಾಹೇಬರು ನನ್ನ ನಲ್ಲಿಮೂಳೆಯನ್ನು ನನ್ನ ಹಲ್ಲಿನಿಂದಲೇ ಕಡಿಯುತ್ತಾ "ಅಮೋಘ" ಎಂದರು.

ಮಂಗಳವಾರ ಸಾಹೇಬರ ಸೆಟ್ಟು ಬಂತು. ನನ್ನದು ನನಗೆ ವಾಪಸಾಯಿತು. ಅವತ್ತೇ ಪುಷ್ಪಾ ಸಾಹೇಬರಿಗೆಂದು ನಾಟಿ ಕೋಳಿ ಸಾರು ಮಾಡಿದಳು, ನನಗೆ ಬೀನ್ಸ್ ಪಲ್ಯ. ಒಂದೇ ಒಂದು ತುಂಡು ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ, "ದೇವ್ರ ಹೆಸ್ರು ಎತ್ಬುಟ್ಟಿದೀನಿ, ಸುಮ್ಕಿರಿ!" ಎಂದು ಸೌಟು ಎತ್ತಿದಳು.

ತಡೆಯಲಾರದೆ ಮಗಳಿಗೆ ಫೋನ್ ಮಾಡಿದೆ. "ಏನಮ್ಮಾ, ಏನಾದ್ರೂ ವಿಶೇಷ ಐತಾ?"

"ಅಪ್ಪಾ! ಮದ್ವೆಯಾಗಿ ಇನ್ನೂ ತಿಂಗ್ಳೂ ಆಗಿಲ್ಲ!" ಎಂದು ನಕ್ಕಳು. "ಹೊಸ ಮನೆ ಕಟ್ಟೋಗಂಟ ಮಕ್ಳು ಬ್ಯಾಡ ಅಂತ ಮಾತಾಡ್ಕಂಡಿದೀವಿ. ಮಾವನೂ ಹೂಂ ಅಂದ್ರು. ನಮ್ ಬೀಗ್ರು ದೇವ್ರಂಥೋರು, ಎಷ್ಟ್ ವರ್ಷ ಆದ್ರೂ ಹರಕೆ ನಡೆಸ್ತಾರೆ, ನೀವೇನೂ ಅವಸರ ಮಾಡ್ಬ್ಯಾಡಿ ಅಂದ್ರು."

ಫೋನ್ ಕೆಳಗಿಟ್ಟೆ. ಪುಷ್ಪಾ ಬಂದು ನನ್ನ ಮುಂದೆ ತಟ್ಟೆ ಇಟ್ಟಳು.

"ಹಲ್ಲು ಬಂತಲ್ಲ, ಇನ್ಯಾಕೆ ಮುಖ ಊದಿಸ್ಕಂಡಿದೀರಾ? ಕೋಡುಬಳೆ ತಿನ್ನಿ."